ಅರವತ್ತು ವರ್ಷ ಬಣ್ಣ ಕಳಚದವನು

ಆರ್ಸನ್ ವೆಲ್ಸ್‌ನ ‘ಒಥೆಲೊ’ ನೋಡೋಣವೆಂದು ಒಂದು ರಾತ್ರಿ ಕೂತೆ. ಎದ್ದಾಗ ಒಥೆಲೊನ ನೆನಪೇ ಇರಲಿಲ್ಲ. ತಲೆಯ ತುಂಬ ಖಳನಾಯಕ ಇಯಾಗೋ! ಚಿತ್ರ ಶುರುವಾಗುವುದೇ ಅವನನ್ನು ಕಬ್ಬಿಣದ ಪಂಜರಕ್ಕೆ ತುಂಬಿ ಕೋಟೆಗೋಡೆಯ ಮೇಲಕ್ಕೆ ಎಳೆಯುವುದರಿಂದ. ಪಂಜರದೊಳಗಿಂದ ಕೆಳಗೆ ನೋಡುವ ಆ ಮುಖದಲ್ಲಿ ಪಶ್ಚಾತ್ತಾಪವಿಲ್ಲ, ಭಯವೂ ಇಲ್ಲ. ಯಾರಪ್ಪ ಇವನು? ಹೆಸರು ಹುಡುಕಿದೆ: ಮೀಹಾಲ್ ಮ್ಯಾಕ್ ಲಿಯಮೋರ್. ಐರಿಷ್ ರಂಗಭೂಮಿಯ ದೊಡ್ಡ ನಟ, ಡಬ್ಲಿನ್ನಿನ ಗೇಟ್ ಥಿಯೇಟರ್ ಕಟ್ಟಿದವರಲ್ಲೊಬ್ಬ, ಐರಿಷ್ ಭಾಷೆಯ ಲೇಖಕ, ಹುಟ್ಟಿದ್ದು ಐರ್ಲೆಂಡಿನ ಕಾರ್ಕ್‌ನಲ್ಲಿ.

ಸರಿ, ಇಷ್ಟೇ ತಾನೆ ಎಂದು ಮಲಗಬೇಕಿತ್ತು. ಇನ್ನೊಂದು ಪುಟ ತಿರುವಿದೆ. ನಿದ್ದೆ ಹಾರಿಹೋಯಿತು.

ಅವನು ಕಾರ್ಕ್‌ನಲ್ಲಿ ಹುಟ್ಟಿರಲೇ ಇಲ್ಲ! ಅವನು ಮೀಹಾಲನೂ ಅಲ್ಲ, ಮ್ಯಾಕ್ ಲಿಯಮೋರನೂ ಅಲ್ಲ. 1899ರ ಅಕ್ಟೋಬರಿನಲ್ಲಿ ಲಂಡನ್ನಿನ ಕೆನ್ಸಲ್ ಗ್ರೀನ್‌ನಲ್ಲಿ ಹುಟ್ಟಿದ ಆಲ್ಫ್ರೆಡ್ ವಿಲ್‌ಮೋರ್ ಎಂಬ ಅಪ್ಪಟ ಇಂಗ್ಲಿಷ್ ಹುಡುಗ! ಐರ್ಲೆಂಡ್ ತನ್ನ ಮಗನೆಂದು ತಲೆಯ ಮೇಲೆ ಹೊತ್ತು ಮೆರೆಸಿದವನು ಆ ದೇಶಕ್ಕೆ ಏನೂ ಆಗಬೇಕಾದವನಲ್ಲ.

ಹುಡುಗ ಬಾಲನಟ. 1911ರಲ್ಲಿ ಲಂಡನ್ನಿನಲ್ಲಿ ‘ದಿ ಗೋಲ್ಡ್‌ಫಿಶ್’ ಎಂಬ ಮಕ್ಕಳ ನಾಟಕವಾಯಿತು. ಅದರಲ್ಲಿ ಇವನ ಜೊತೆ ಕುಣಿದ ಇನ್ನೊಬ್ಬ ಪೋರ ಯಾರು ಗೊತ್ತೆ? ನೋಯೆಲ್ ಕವರ್ಡ್! ಮುಂದೆ ಇಂಗ್ಲಿಷ್ ರಂಗಭೂಮಿಯನ್ನೇ ಆಳಿದವನು. ನಮ್ಮ ಹುಡುಗನೂ ಅದೇ ದಾರಿ ಹಿಡಿಯಬಹುದಿತ್ತು. ಆದರೆ ಅವನಿಗೆ ಐರಿಷ್ ಹುಚ್ಚು ಹಿಡಿಯಿತು. ಲಂಡನ್ನಿನಲ್ಲೇ, ಐರಿಷ್ ಭಾಷೆ ಉಳಿಸಲು ಹೊರಟಿದ್ದ ಗೇಲಿಕ್ ಲೀಗಿನ ತರಗತಿಗೆ ಹೋಗಿ ಐರಿಷ್ ಕಲಿತ. ಬಹುಪಾಲು ಐರಿಷರೇ ಮನೆಯಲ್ಲಿ ಆಡುವುದನ್ನು ಬಿಟ್ಟಿದ್ದ ಭಾಷೆ ಅದು. 1917ರಲ್ಲಿ ಐರ್ಲೆಂಡಿಗೆ ಹೋದ. ಹೋಗಿ ಹೆಸರನ್ನೇ ಮಗುಚಿ ಹಾಕಿದ. ‘ವಿಲ್’ ಎಂದರೆ ವಿಲಿಯಂ, ಅದು ಐರಿಷ್‌ನಲ್ಲಿ ಲಿಯಮ್. ‘ಮೋರ್’ ಎಂದರೆ ಅಲ್ಲಿ ದೊಡ್ಡ. ಮುಂದೆ ‘ಮಗ’ ಎಂಬರ್ಥದ ಮ್ಯಾಕ್. ವಿಲ್‌ಮೋರ್ ಹೋಗಿ ಮ್ಯಾಕ್ ಲಿಯಮೋರ್! ಕಾರ್ಕ್‌ನ ಬಾಲ್ಯವನ್ನೂ ತಾನೇ ಹೆಣೆದುಕೊಂಡ. ಆತ್ಮಕಥೆಗಳಲ್ಲೂ ಅದನ್ನೇ ಬರೆದ.

1927ರಲ್ಲಿ, ಭಾವ ಆನ್ಯೂ ಮ್ಯಾಕ್‌ಮಾಸ್ಟರನ ಊರೂರು ಸುತ್ತುವ ನಾಟಕ ಕಂಪನಿಯಲ್ಲಿ, ಹಿಲ್ಟನ್ ಎಡ್ವರ್ಡ್ಸ್ ಸಿಕ್ಕ. ಅವನೂ ಲಂಡನ್ನಿನವನೇ. ಅಲ್ಲಿಂದ ಸಾಯುವವರೆಗೆ ಇಬ್ಬರೂ ಜೊತೆ, ರಂಗದಲ್ಲೂ ಮನೆಯಲ್ಲೂ. ಮರುವರ್ಷ, 1928ರಲ್ಲಿ, ಎರಡು ರಂಗಭೂಮಿಗಳು ಹುಟ್ಟಿದವು. ಹೌದು, ಒಂದೇ ವರ್ಷದಲ್ಲಿ ಎರಡು! ಆಗಸ್ಟಿನಲ್ಲಿ ಗಾಲ್ವೇ ಊರಿನಲ್ಲಿ ಐರಿಷ್ ಭಾಷೆಗೇ ಮೀಸಲಾದ ರಂಗಮಂದಿರ ತೆರೆಯಿತು. ಮೊದಲ ನಾಟಕ ‘ದಿಯರ್ಮಿಡ್ ಮತ್ತು ಗ್ರಾನಿಯಾ’. ಬರೆದವನು ಲಂಡನ್ನಿನ ಈ ಹುಡುಗ, ಆಡಿಸಿದವನು ಅವನೇ, ರಂಗಸಜ್ಜಿಕೆ ಬರೆದವನೂ ಅವನೇ, ನಾಯಕನ ವೇಷವೂ ಅವನದೇ. ಬೆವರು ಒರೆಸಿಕೊಂಡು ಅಕ್ಟೋಬರಿನಲ್ಲಿ ಡಬ್ಲಿನ್ನಿಗೆ ಬಂದು ಇಬ್ಸನ್ನನ ‘ಪೀರ್ ಗಿಂಟ್’ನೊಂದಿಗೆ ಗೇಟ್ ಥಿಯೇಟರಿನ ಪರದೆ ಎಳೆದರು.

1929ರಲ್ಲಿ, ಡಬ್ಲಿನ್ನಿನದೇ ಆದ ಆಬ್ಬಿ ಥಿಯೇಟರ್ ಬೇಡವೆಂದಿದ್ದ ಡೆನಿಸ್ ಜಾನ್‌ಸ್ಟನ್ನನ ನಾಟಕವೊಂದನ್ನು ಗೇಟ್ ಎತ್ತಿಕೊಂಡಿತು. ಅದರ ಕಥೆ ಕೇಳಿ. ಬ್ರಿಟಿಷರು ಗಲ್ಲಿಗೇರಿಸಿದ ದೇಶಭಕ್ತ ರಾಬರ್ಟ್ ಎಮ್ಮೆಟ್‌ನ ಪಾತ್ರ ಮಾಡುತ್ತಿದ್ದ ನಟನ ತಲೆಗೆ ಪೆಟ್ಟು ಬೀಳುತ್ತದೆ. ಎದ್ದವನು ತಾನೇ ಎಮ್ಮೆಟ್ ಎಂದು ನಂಬಿ ಡಬ್ಲಿನ್ ಬೀದಿಗಳಲ್ಲಿ ಅಲೆಯುತ್ತಾನೆ. ಆ ಪಾತ್ರ ಮಾಡಿದವನು ಮೀಹಾಲ್! ವೇಷವನ್ನೇ ತಾನೆಂದು ನಂಬಿದವನ ವೇಷವನ್ನು, ವೇಷವೇ ತಾನಾದವನು ತೊಟ್ಟಿದ್ದ. ಎದುರು ಕೂತ ಡಬ್ಲಿನ್ನಿಗರಿಗೆ ಇದು ಗೊತ್ತೇ ಇರಲಿಲ್ಲವಲ್ಲ! ಇದನ್ನು ಓದಿದಾಗ ನಾನು ಎದ್ದು ಕೋಣೆಯಲ್ಲಿ ಎರಡು ಸುತ್ತು ಹಾಕಿದ್ದು ನಿಜ.

ಇನ್ನೂ ಇದೆ. 1931ರಲ್ಲಿ ಹದಿನಾರರ ಅಮೆರಿಕನ್ ಹುಡುಗನೊಬ್ಬ ಗೇಟ್‌ನ ಬಾಗಿಲಿಗೆ ಬಂದ. ಕತ್ತೆಗಾಡಿ ಕಟ್ಟಿಕೊಂಡು, ಚಿತ್ರ ಬರೆಯುತ್ತ ಐರ್ಲೆಂಡ್ ಸುತ್ತಿ ಕೈ ಬರಿದು ಮಾಡಿಕೊಂಡಿದ್ದವನು. ‘ನಾನು ನ್ಯೂಯಾರ್ಕಿನ ಹೆಸರಾಂತ ನಟ’ ಎಂದು ಬುರುಡೆ ಬಿಟ್ಟ. ಸುಳ್ಳೆಂದು ಮೀಹಾಲನಿಗೂ ಹಿಲ್ಟನ್ನನಿಗೂ ತಿಳಿಯಿತು. ಆದರೂ ‘ಜ್ಯೂ ಸೂಸ್’ ನಾಟಕದಲ್ಲಿ ಡ್ಯೂಕ್‌ನ ಪಾತ್ರವನ್ನೇ ಕೊಟ್ಟರು. ಆ ಹುಡುಗ ಆರ್ಸನ್ ವೆಲ್ಸ್. 1962ರಲ್ಲಿ ಇನ್ನೊಬ್ಬ ತರುಣ, ಆಡದ ಪಾತ್ರಗಳನ್ನೆಲ್ಲ ಆಡಿದ್ದೇನೆಂದು ಪಟ್ಟಿ ಮಾಡಿ ಮೀಹಾಲನಿಗೆ ಕಾಗದ ಬರೆದ. ಅವನಿಗೂ ಗೇಟ್‌ನ ‘ಒಥೆಲೊ’ ನಾಟಕದಲ್ಲಿ ಚಿಕ್ಕದೊಂದು ಪಾತ್ರ ಸಿಕ್ಕಿತು. ಅವನು ಮೈಕೆಲ್ ಗ್ಯಾಂಬನ್, ಮುಂದೆ ಹ್ಯಾರಿ ಪಾಟರ್ ಚಿತ್ರಗಳ ಡಂಬಲ್‌ಡೋರ್! ಅಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲವನಿಗೆ ನಟನೆಯೂ ಬಂದೀತೆಂದು ಮೀಹಾಲನಿಗಿಂತ ಬೇರೆ ಯಾರಿಗೆ ಗೊತ್ತಿರಬೇಕು?

ಬುರುಡೆಯ ಋಣವನ್ನು ವೆಲ್ಸ್ ತೀರಿಸಿದ. 1949ರಲ್ಲಿ ಇಯಾಗೋನ ಪಾತ್ರಕ್ಕೆ ಕರೆದ. ಐವತ್ತರ ಹೊಸ್ತಿಲಲ್ಲಿದ್ದ ಮೀಹಾಲನಿಗೆ ಸಿನಿಮಾದಲ್ಲಿ ಅದೇ ಮೊದಲ ದೊಡ್ಡ ಪಾತ್ರ. ಮೊರಾಕ್ಕೊದ ಮೊಗಡೋರ್ ಊರಿನಲ್ಲಿ ಚಿತ್ರೀಕರಣ. ದುಡ್ಡು ಮುಗಿದಾಗೆಲ್ಲ ಕೆಲಸ ನಿಲ್ಲುವುದು, ವೆಲ್ಸ್ ಬೇರೆಯವರ ಚಿತ್ರದಲ್ಲಿ ನಟಿಸಿ ದುಡಿದು ತರುವುದು, ಮತ್ತೆ ಶುರು. ಒಮ್ಮೆ ಉಡುಪುಗಳೇ ಬರಲಿಲ್ಲ. ಏನು ಮಾಡುವುದು? ಕೊಲೆಯ ದೃಶ್ಯವೊಂದನ್ನು ಟರ್ಕಿಶ್ ಮಾದರಿಯ ಹಬೆಸ್ನಾನದ ಮನೆಗೆ ಸಾಗಿಸಿ, ನಟರಿಗೆ ಟವೆಲ್ ಸುತ್ತಿಬಿಟ್ಟರು! ಹಬೆ, ಹಲಗೆಯ ಸಂದಿಗಳಿಂದ ಇಳಿಯುವ ಬೆಳಕು, ಕತ್ತಿ. ನನ್ನ ಮಟ್ಟಿಗೆ ಇಡೀ ಚಿತ್ರದ ಅತ್ಯುತ್ತಮ ದೃಶ್ಯ ಅದೇ. 1952ರಲ್ಲಿ ಕ್ಯಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿಯಲ್ಲಿ ಚಿತ್ರಕ್ಕೂ ಪಾಲು ಬಂತು. ಮೀಹಾಲ್ ಆ ದಿನಗಳ ದಿನಚರಿಯನ್ನು ಪುಸ್ತಕ ಮಾಡಿ ‘ಪುಟ್ ಮನಿ ಇನ್ ದೈ ಪರ್ಸ್’ ಎಂದು ಹೆಸರಿಟ್ಟ. ಮಾತು ಇಯಾಗೋನದು, ಏಟು ಬಿದ್ದದ್ದು ನಿರ್ಮಾಪಕನಿಗೆ!

1960ರಲ್ಲಿ ಆಸ್ಕರ್ ವೈಲ್ಡ್‌ನ ಬದುಕು ಬರಹಗಳನ್ನು ಕುರಿತ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಆಸ್ಕರ್’ ಎಂಬ ಏಕವ್ಯಕ್ತಿ ಪ್ರದರ್ಶನ ಹೂಡಿದ. ಹಲವು ದೇಶ ಸುತ್ತಿಸಿತು ಅದು. ವೈಲ್ಡ್ ಡಬ್ಲಿನ್ನಿನಲ್ಲಿ ಹುಟ್ಟಿ ಲಂಡನ್ನಿಗನಾದವನು. ಇವನು ತಿರುಗುಮುರುಗು. ಸಮುದ್ರದ ನಡುವೆ ಎದುರುಬದುರಾದ ಎರಡು ಹಡಗುಗಳಂತೆ ಇಬ್ಬರೂ.

ವಯಸ್ಸಾದಮೇಲೆ ಹಾಡುಹಗಲೇ ಮುಖಕ್ಕೆ ಬಣ್ಣ, ತಲೆಗೆ ಕಪ್ಪು ಟೋಪನ್ ಹಾಕಿಕೊಂಡು ಡಬ್ಲಿನ್ ಬೀದಿಯಲ್ಲಿ ಓಡಾಡುತ್ತಿದ್ದ. ಜನ ನಕ್ಕರು, ಪ್ರೀತಿಸಿದರು. 1973ರಲ್ಲಿ ಡಬ್ಲಿನ್ ನಗರ ಅವನಿಗೂ ಹಿಲ್ಟನ್ನನಿಗೂ ಪೌರಸನ್ಮಾನ ಮಾಡಿತು. 1978ರ ಮಾರ್ಚ್ 6ರಂದು ಮೀಹಾಲ್ ತೀರಿಕೊಂಡ. ಅಂತ್ಯಕ್ರಿಯೆಗೆ ದೇಶದ ಅಧ್ಯಕ್ಷ ಪ್ಯಾಟ್ರಿಕ್ ಹಿಲರಿಯೇ ಬಂದು, ಹಿಲ್ಟನ್ನನಿಗೆ ಸಾಂತ್ವನ ಹೇಳಿದರು, ಮನೆಯವರಿಗೆ ಹೇಳುವ ಹಾಗೆ. ಗಂಡಸರಿಬ್ಬರ ಪ್ರೇಮ ಐರ್ಲೆಂಡಿನಲ್ಲಿ ಅಪರಾಧವಲ್ಲವೆಂದು ಕಾನೂನು ಬದಲಾದದ್ದು 1993ರಲ್ಲಿ, ಅದಕ್ಕೆ ಹದಿನೈದು ವರ್ಷಗಳ ನಂತರ! ಜನ್ಮರಹಸ್ಯ ಪುಸ್ತಕವಾಗಿ ಹೊರಬಿದ್ದದ್ದು 1990ರಲ್ಲಿ. ಬಣ್ಣ ಕಳಚುವ ಹೊತ್ತಿಗೆ ನಟ ಹೊರಟೇಹೋಗಿದ್ದ.

‘ಒಥೆಲೊ’ ಸಿಕ್ಕದಿದ್ದರೆ 1963ರ ‘ಟಾಮ್ ಜೋನ್ಸ್’ ಆದರೂ ಹಾಕಿಕೊಂಡು ಕೂಡಿ. ಕಥೆ ಹೇಳುವ ಹಿನ್ನೆಲೆ ದನಿ ಮೀಹಾಲನದು. ಆ ದನಿಯಲ್ಲಿ ಎಲ್ಲಾದರೂ ಕೆನ್ಸಲ್ ಗ್ರೀನ್‌ನ ಹುಡುಗ ಕೇಳಿಸಿದರೆ ನನಗೊಂದು ಕಾಗದ ಹಾಕಿ. ನಾನು ಮೂರು ಸಲ ಕೇಳಿದೆ, ಸಿಗಲಿಲ್ಲ.