ವಾರ್ಡಿನಲ್ಲಿ ವೃದ್ಧರು ಬೀಳುವುದೇಕೆ?

ಮನೆಯಲ್ಲಿ ಎಂದೂ ಬೀಳದ ಅಜ್ಜ ಆಸ್ಪತ್ರೆ ಸೇರಿದ ಎರಡನೆಯ ರಾತ್ರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆಂಬ ಮಾತನ್ನು ನೀವು ಕೇಳಿರಬಹುದು. ‘ವಯಸ್ಸಾಯಿತಲ್ಲ’ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ನಮ್ಮ ಸ್ಟುಡಿಯೋ ಚರ್ಚೆಗಳಲ್ಲೂ ಮೊದಲು ಬರುವುದು ಇದೇ ಮಾತು. ವಯಸ್ಸೊಂದೇ ಕಾರಣವಾಗಿದ್ದರೆ ಅವರು ಮನೆಯಲ್ಲೇ ಬೀಳಬೇಕಿತ್ತಲ್ಲವೇ?

ಮಲಗಿದ್ದವರು ಎದ್ದು ನಿಂತ ಕೂಡಲೇ ಗುರುತ್ವಾಕರ್ಷಣೆಯಿಂದಾಗಿ ಸುಮಾರು ಅರ್ಧ ಲೀಟರಿನಷ್ಟು ರಕ್ತ ಕಾಲು, ಹೊಟ್ಟೆಗಳ ಕಡೆಗೆ ಇಳಿಯುತ್ತದೆ. ಕತ್ತಿನ ಅಪಧಮನಿಗಳಲ್ಲಿರುವ ನರತುದಿಗಳು ಇದನ್ನು ಮಿದುಳಿಗೆ ತಿಳಿಸುತ್ತವೆ. ಹೃದಯ ವೇಗವಾಗಿ ಬಡಿದು, ರಕ್ತನಾಳಗಳು ಬಿಗಿದು ಒತ್ತಡ ಸರಿಹೋಗುತ್ತದೆ. ನಿಮ್ಮಲ್ಲಿ ಇದು ಕೆಲವೇ ಸೆಕೆಂಡುಗಳ ಕೆಲಸ. ವೃದ್ಧರಲ್ಲಿ ನಿಧಾನ. ನಿಂತ 3 ನಿಮಿಷದೊಳಗೆ ಮೇಲಿನ ರಕ್ತದೊತ್ತಡ 20 ಮಿಲಿಮೀಟರಿನಷ್ಟು ಕುಸಿದರೆ ವೈದ್ಯರು ಅದನ್ನು ದೋಷವೆಂದೇ ಪರಿಗಣಿಸುತ್ತಾರೆ. ವಾಂತಿಭೇದಿಯಿಂದ ದೇಹದ ನೀರು ಹೋಗಿದ್ದರೆ, ರಕ್ತದೊತ್ತಡದ ಮಾತ್ರೆ ನುಂಗಿದ್ದರೆ ಕುಸಿತ ಇನ್ನೂ ಹೆಚ್ಚು.

ಮೂತ್ರ ಹೆಚ್ಚಿಸುವ ಮಾತ್ರೆ ರೋಗಿಯನ್ನು ಎಬ್ಬಿಸುತ್ತದೆ, ನಿದ್ರೆ ಮಾತ್ರೆ ಮಂಪರಿನಲ್ಲಿ ತೂರಾಡಿಸುತ್ತದೆ. ಎರಡೂ ಒಬ್ಬರಿಗೇ ಸೇರಿದರೆ? ಮಂಚ ಮನೆಯದಕ್ಕಿಂತ ಎತ್ತರ, ಕನ್ನಡಕ ಎಲ್ಲೋ, ನೆಲ ಒದ್ದೆ, ಶೌಚಾಲಯ ವಾರ್ಡಿನ ಆ ತುದಿಯಲ್ಲಿ. ಕೆಳಗೆ ಮಲಗಿರುವ ಮಗನನ್ನು ಎಬ್ಬಿಸಲು ಸಂಕೋಚ. ನನ್ನ ಮಟ್ಟಿಗೆ ಈ ಸಂಕೋಚವೂ ಒಂದು ಅಪಾಯವೇ. ಕಾಯಿಲೆಯ ತೀವ್ರತೆಯಿಂದ ಕೆಲವರಿಗೆ ಹಠಾತ್ತನೆ ಬುದ್ಧಿಭ್ರಮೆಯಾಗಿ, ತಾವೆಲ್ಲಿದ್ದೇವೆಂಬುದೇ ಮರೆತುಹೋಗುವುದೂ ಉಂಟು.

ಹಾಗೆಂದು ಮಂಚದಿಂದ ಇಳಿಯಲೇ ಬಿಡದಿರುವುದು ಸರಿಯಲ್ಲ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಆರೋಗ್ಯವಂತ ವೃದ್ಧರೇ 10 ದಿನ ಹಾಸಿಗೆಯಲ್ಲಿದ್ದು ಕಾಲುಗಳಿಂದ ಸುಮಾರು 1 ಕಿಲೋ ಕೊಬ್ಬಲ್ಲದ ಅಂಗಾಂಶ, ಬಹುಪಾಲು ಸ್ನಾಯುವನ್ನೇ, ಕಳೆದುಕೊಂಡರು. ಎದ್ದು ಒಂದೆರಡು ನಿಮಿಷ ಮಂಚದ ಅಂಚಿನಲ್ಲಿ ಕುಳಿತು, ಆಸರೆ ಹಿಡಿದು, ಹಗಲಲ್ಲಿ ನಡೆಯುವುದೇ ಒಳ್ಳೆಯದು.

ಜಾನಿಸ್ ಮೋರ್ಸ್ ಎಂಬ ಸಂಶೋಧಕಿ 1980ರ ದಶಕದಲ್ಲಿ ರೂಪಿಸಿದ ಆರು ಪ್ರಶ್ನೆಗಳ ಅಳತೆಪಟ್ಟಿಯನ್ನು ಹಲವು ಆಸ್ಪತ್ರೆಗಳು ಬಳಸುತ್ತವೆ. ಅಂಕ ಹೆಚ್ಚಿದಷ್ಟೂ ಬೀಳುವ ಅಪಾಯ ಹೆಚ್ಚು. ಡ್ರಿಪ್ ಹಾಕಿದ್ದರೆ 20 ಅಂಕ. ಕೋಲು ಹಿಡಿದು ನಡೆಯುವವರಿಗೆ 15, ಮಂಚ ಮೇಜುಗಳನ್ನು ತಡವರಿಸಿ ಹಿಡಿದು ನಡೆಯುವವರಿಗೆ 30! ಈಚೆಗೆ ಬಿದ್ದಿದ್ದರೆ 25. ಎರಡು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿದ್ದನ್ನು ಅಜ್ಜ ತಾವಾಗಿ ಹೇಳುವುದು ಅಪರೂಪ. ದಾಖಲು ಮಾಡುವಾಗ ನೀವು ಜೊತೆಗಿದ್ದರೆ ದಾದಿಗೆ ಅದನ್ನು ತಿಳಿಸಿ.