ಅಂಗಳದ ಕರಕಿ, ಅಂಗಳದ ಕಸ

ಮಿರಗದ ಮಳೆ ಬಿತ್ತು ಅಂದರೆ ನಮಗೆಲ್ಲ ಸಂತೋಷ. ಟಿಕೋಟಾ, ಬಬಲೇಶ್ವರದ ಎರಿ ಹೊಲಗಳು ನೆನೆಯುತ್ತವೆ. ವಿಜಯಪುರದ ಓಣಿಗಳ ಧೂಳು ಅಡಗುತ್ತದೆ. ಎಂಟು ದಿನದಲ್ಲಿ ಮನೆ ಮುಂದೆ ಹಸಿರು ಕಾಣುತ್ತದೆ.

ಆ ಹಸಿರು ಎಲ್ಲಾ ಒಂದೇ ಅಲ್ಲ. ಕೂತು ನೋಡಿರಿ. ನೆಲಕ್ಕೆ ಹತ್ತಿಕೊಂಡು ಹಬ್ಬುವುದು ಕರಕಿ. ಗಣಪತಿಗೆ ಏರಿಸುವ ಕರಕಿ ಇದೇ. ಹೊಲದಲ್ಲಿ ಇದ್ದರೆ ಇದು ರೈತನ ವೈರಿ. ಅಂಗಳದಲ್ಲಿ ಇದ್ದರೆ ಮಣ್ಣು ಹಿಡಿಯುತ್ತದೆ, ಧೂಳು ತಡೆಯುತ್ತದೆ. ಗೋಳಗುಮ್ಮಟದ ಮುಂದಿನ ಹುಲ್ಲುಹಾಸು ನೋಡಿದ್ದೀರಲ್ಲ? ಕರಕಿಯನ್ನು ಆಗಾಗ ಕತ್ತರಿಸಿದರೆ ನಮ್ಮ ಅಂಗಳದಲ್ಲೂ ಅಂಥದ್ದೇ ಹಾಸು ಆಗುತ್ತದೆ. ಬುಡದ ತನಕ ಕತ್ತರಿಸಬೇಡಿರಿ. ಮೇಲಿನ ಮೂರನೇ ಒಂದು ಪಾಲು ಸಾಕು.

ಕರಕಿಯ ಪಕ್ಕದಲ್ಲೇ ಇನ್ನೊಂದು ಗಿಡ ಏಳುತ್ತದೆ. ಅದರ ಎಲೆ ಗಜ್ಜರಿ ಎಲೆಯ ಹಾಗೆ. ಹೂವು ಸಣ್ಣದು, ಬಿಳಿ. ಇದು ಕಾಂಗ್ರೆಸ್ ಕಸ. ನಮ್ಮ ನಾಡಿನ ಗಿಡ ಅಲ್ಲ. ಅಮೆರಿಕ ಖಂಡದಿಂದ ಬಂದದ್ದು. 1955ರ ಸುಮಾರಿಗೆ ಪುಣೆಯಲ್ಲಿ ಕಂಡಿತು. ಅಮೆರಿಕದ ಗೋದಿ ಜೊತೆ ಬಂತು ಅಂತ ಜನ ಹೇಳ್ತಾರೆ. ಈಗ ರಸ್ತೆ ಬದಿ, ಸಾಲಿ ಬಯಲು, ಬಚ್ಚಲ ನೀರು ಹರಿಯುವ ಜಾಗ, ಎಲ್ಲಾ ಕಡೆ ಅದೇ.

ಈ ಕಸ ಯಾಕೆ ಕೆಟ್ಟದ್ದು? ಮುಟ್ಟಿದರೆ ಕೆಲವರಿಗೆ ಮೈ ಕಡಿತ ಆಗುತ್ತದೆ. ಕೈ, ಕುತ್ತಿಗೆ, ಮುಖ ಕೆಂಪಾಗಿ ಬಿರಿಯುತ್ತವೆ. ಹೂವಿನ ಪುಡಿ ಉಸಿರಿನಲ್ಲಿ ಹೋದರೆ ಸೀನು, ದಮ್ಮು ಬರಬಹುದು. ಎಮ್ಮೆ ತಿಂದರೆ ಹಾಲು ಕಹಿ. ಕಸ ಕೀಳುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಹಾಗಾಗಿ ಅವರಿಗೂ ಕಡಿತ ಬರಬಹುದು. "ಮೊದಲಿಂದ ಕೀಳ್ತೀನಿ, ನನಗೇನೂ ಆಗಿಲ್ಲ" ಅನ್ನಬೇಡಿರಿ. ಈ ಕಡಿತ ವರ್ಷಗಟ್ಟಲೆ ಮುಟ್ಟಿದ ಮೇಲೂ ಶುರು ಆಗಬಹುದು. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿರಿ. ತುಂಬು ತೋಳಿನ ಅಂಗಿ ಹಾಕಿರಿ. ಮೂಗಿಗೆ ಬಟ್ಟೆ ಇರಲಿ.

ಹೂ ಬಿಡುವ ಮೊದಲೇ ಕೀಳಬೇಕು. ಮೊಳೆತು ಒಂದೂವರೆ ತಿಂಗಳೊಳಗೆ ಹೂ ಬರುತ್ತದೆ. ಒಂದೇ ಗಿಡ ಹತ್ತು ಸಾವಿರಕ್ಕಿಂತ ಹೆಚ್ಚು ಬೀಜ ಉದುರಿಸುತ್ತದೆ. ಮಳೆ ಬಿದ್ದ ಮರುದಿನ ಮಣ್ಣು ಮೆತ್ತಗೆ ಇರುತ್ತದೆ, ಬೇರು ಸಮೇತ ಬರುತ್ತದೆ. ಹೂ ಇಲ್ಲದ ಗಿಡವನ್ನು ತಿಪ್ಪೆಗೆ ಹಾಕಿರಿ, ಗೊಬ್ಬರ ಆಗುತ್ತದೆ. ಕೆಲವರು ಲೀಟರ್ ನೀರಿಗೆ 200 ಗ್ರಾಂ ಉಪ್ಪು ಕಲಸಿ ಹೊಡೀತಾರೆ. ಕಸ ಸಾಯುವುದು ಖರೆ. ಆದರೆ ನಮ್ಮ ಕಡೆ ಮೊದಲೇ ಎಷ್ಟೋ ನೆಲ ಸವಳು. ಅಂಗಳಕ್ಕೆ ಉಪ್ಪು ಸುರಿಯುವುದು ನನಗಂತೂ ಸರಿ ಕಾಣುವುದಿಲ್ಲ. ಅದರ ಬದಲು ಕಸ ಕಿತ್ತ ಜಾಗದಲ್ಲಿ ತಗಚೆ ಬೀಜ ಚೆಲ್ಲಿರಿ. ತಗಚೆ ದಟ್ಟವಾಗಿ ಬೆಳೆದರೆ ಕಾಂಗ್ರೆಸ್ ಕಸಕ್ಕೆ ಜಾಗ ಸಿಗುವುದಿಲ್ಲ.

ಮಳೆಗಾಲದಲ್ಲಿ ಈ ಕಸದ ಮೇಲೆ ಒಂದು ಸಣ್ಣ ದುಂಬಿ ಕಂಡರೆ ಕೊಲ್ಲಬೇಡಿರಿ. ಬಿಳಿ ಬೆನ್ನು, ಕಂದು ಗೆರೆ ಇರುತ್ತದೆ. ಅದನ್ನು ಮೆಕ್ಸಿಕೋ ದೇಶದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಅದು ಕಾಂಗ್ರೆಸ್ ಎಲೆ ತಿಂದು ಬದುಕುತ್ತದೆ. ಬೇಸಿಗೆಯಲ್ಲಿ ಮಣ್ಣೊಳಗೆ ಮಲಗುತ್ತದೆ.

ಇನ್ನು ಹುಳದ ಮಾತು. ದಾಸವಾಳದ ಚಿಗುರಿನ ಮೇಲೆ ಬಿಳಿ ಹಿಟ್ಟು ಉದುರಿಸಿದ ಹಾಗೆ ಕಾಣುತ್ತದೆ. ಅದು ಹಿಟ್ಟು ಅಲ್ಲ, ಹಿಟ್ಟುತಿಗಣೆ. ಗಿಡದ ರಸ ಹೀರುತ್ತದೆ. ಇರುವೆ ಸಾಲು ಗಿಡ ಏರುತ್ತಿದ್ದರೆ ತಿಗಣೆ ಇದೆ ಅಂತ ತಿಳಿಯಿರಿ. ತಿಗಣೆ ಬಿಡುವ ಸಿಹಿ ರಸಕ್ಕೆ ಇರುವೆ ಬರುತ್ತದೆ. ಮೊದಲು ಜೋರಾಗಿ ನೀರು ಹೊಡೆದು ತೊಳೆಯಿರಿ. ಬಹಳ ಹತ್ತಿದ ಟೊಂಗೆ ಕತ್ತರಿಸಿರಿ. ಆಮೇಲೆ ಬೇವಿನ ಕಷಾಯ. ಜೂನ್, ಜುಲೈದಲ್ಲಿ ಬೇವಿನ ಹಣ್ಣು ಉದುರುತ್ತವೆ. ಬೀಜ ಆರಿಸಿ ನೆರಳಲ್ಲಿ ಒಣಗಿಸಿರಿ. 50 ಗ್ರಾಂ ಬೀಜದ ಪುಡಿಯನ್ನು ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಸೋಸಿ, ಚೂರು ಸಾಬೂನು ಕರಗಿಸಿರಿ. ಸಂಜೆ ಹೊತ್ತು ಹೊಡೆಯಿರಿ.

ದ್ರಾಕ್ಷಿ ತೋಟದಲ್ಲಿ ಉಳಿದ ಔಷಧಿ ಮನೆಗೆ ತರಬೇಡಿರಿ. ಔಷಧಿ ಅನ್ನುತ್ತೇವೆ, ಆದರೆ ಅದು ವಿಷ. ದ್ರಾಕ್ಷಿಗೆ ಹೊಡೆದ ಮೇಲೆ ಇಷ್ಟು ದಿನ ಕೊಯ್ಯಬಾರದು ಅಂತ ಲೆಕ್ಕ ಇದೆ. ಮನೆಯ ಕರಿಬೇವಿಗೆ, ತುಳಸಿಗೆ ಆ ಲೆಕ್ಕ ಯಾರು ಇಡ್ತಾರೆ? ಮುಂಜಾನೆ ಹೊಡೆದರೆ ಸಂಜೆ ಒಗ್ಗರಣೆಗೆ ಬೀಳುತ್ತದೆ.

ವಿಷದ ಡಬ್ಬಿಯ ಮೇಲೆ ಒಂದು ಚೌಕ ಇರುತ್ತದೆ, ಮೂಲೆಯ ಮೇಲೆ ನಿಂತ ಹಾಗೆ. ಅದರ ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪು ಎಲ್ಲಕ್ಕಿಂತ ಕಠೋರ ವಿಷ. ಆಮೇಲೆ ಹಳದಿ, ಆಮೇಲೆ ನೀಲಿ. ಹಸಿರು ಎಲ್ಲಕ್ಕಿಂತ ಕಡಿಮೆ, ಆದರೂ ವಿಷವೇ. ಈಗ ನಿಮಗೆ ಓದಲು ಬರುತ್ತದೆ. ಜೊತೆಗಿರುವ ಚೀಟಿ ಬಿಡಿಸಿ ಓದಿರಿ. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ ತುಂಬಬೇಡಿರಿ. ಯಾರಾದರೂ ತಪ್ಪಿ ಕುಡಿದರೆ ತಕ್ಷಣ ದವಾಖಾನೆಗೆ ಹೋಗಿರಿ. ಡಬ್ಬಿಯನ್ನೂ ಒಯ್ಯಿರಿ. ಹೆಸರು ಓದಿದರೆ ಡಾಕ್ಟರಿಗೆ ಮದ್ದು ಗೊತ್ತಾಗುತ್ತದೆ.

ಚಳಿಗಾಲದಲ್ಲಿ ಕೆಲಸ ಕಡಿಮೆ. ಹುಲ್ಲು ನಿಧಾನ ಬೆಳೆಯುತ್ತದೆ. ಬೇಸಿಗೆಯಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಕರಕಿ ಒಣಗಿದ ಹಾಗೆ ಕಂಡರೂ ಬೇರು ಬದುಕಿರುತ್ತದೆ. ಕುಡಿಯುವ ನೀರನ್ನು ಅದಕ್ಕೆ ಸುರಿಯಬೇಡಿರಿ. ಅಕ್ಕಿ ತೊಳೆದ ನೀರು, ಕಾಯಿಪಲ್ಲೆ ತೊಳೆದ ನೀರು ದಾಸವಾಳಕ್ಕೆ, ಕರಿಬೇವಿಗೆ ಹಾಕಿರಿ. ಬುಡಕ್ಕೆ ತೊಗರಿ ಹೊಟ್ಟು, ಒಣ ಎಲೆ ಹೊದಿಸಿರಿ. ಬಚ್ಚಲ ನೀರಿನ ಹತ್ತಿರ ಬೇಸಿಗೆಯಲ್ಲೂ ಕಾಂಗ್ರೆಸ್ ಕಸ ಹುಟ್ಟುತ್ತದೆ. ವಾರಕ್ಕೊಮ್ಮೆ ಅಲ್ಲಿ ನೋಡಿರಿ.