ಪರಿಕಲ್ಪನೆ ಬದಲಾದರೆ ಪ್ರಶ್ನೆಯೂ ಬದಲಾಗುತ್ತದೆ



ಪರೀಕ್ಷೆಯಲ್ಲಿ ನಾಲ್ಕು ಉತ್ತರಗಳ ಪೈಕಿ ಒಂದಕ್ಕೆ ನೀವು ಸುಮ್ಮನೆ ಗುರುತು ಹಾಕಿದಿರಿ, ಅದು ಸರಿಯಾಯಿತು ಎನ್ನಿ. ಅಂಕವೇನೋ ಬಂತು. ಆದರೆ ಉತ್ತರ ನಿಮಗೆ ಗೊತ್ತಿತ್ತೆ? ಇಲ್ಲವೆಂದೇ ಹೇಳುವಿರಿ. ಹಾಗಾದರೆ ಸರಿಯಾದ ಉತ್ತರದ ಜೊತೆಗೆ ಇನ್ನೇನಿದ್ದರೆ ಅದು ಜ್ಞಾನವಾಗುತ್ತದೆ?

ಸಸ್ಯಶಾಸ್ತ್ರಜ್ಞನ ಮುಂದೆ ಗಿಡವಿರುತ್ತದೆ. ತತ್ತ್ವಶಾಸ್ತ್ರಜ್ಞನ ಮುಂದಿರುವುದು ‘ಜ್ಞಾನ’ವೆಂಬ ಪರಿಕಲ್ಪನೆ. ಅದನ್ನು ಅವನು ಹೇಗೆ ಗ್ರಹಿಸುತ್ತಾನೆ ಎಂಬುದರ ಮೇಲೆ ಏನನ್ನು ಹುಡುಕಬೇಕು, ಹೇಗೆ ಹುಡುಕಬೇಕು ಎಂಬ ಎರಡೂ ನಿಂತಿವೆ. ಎರಡು ಪರಂಪರೆಗಳನ್ನು ಹೋಲಿಸಿ ನೋಡೋಣ.

ಕ್ರಿ.ಪೂ. 4ನೇ ಶತಮಾನದಲ್ಲಿ ಗ್ರೀಸಿನ ಪ್ಲೇಟೋ ಬರೆದ ‘ಥಿಯೇಟೀಟಸ್’ ಸಂವಾದದಲ್ಲಿ ಸಾಕ್ರಟೀಸ್ ಕೇಳುವುದು ಇದೇ ಪ್ರಶ್ನೆ: ಜ್ಞಾನವೆಂದರೇನು? ಅಲ್ಲಿ ಜ್ಞಾನವೆಂದರೆ ತಪ್ಪಾಗಲಾರದ್ದು. ಆದ್ದರಿಂದ ಸರಿಯಾದ ನಂಬಿಕೆಗೂ ಜ್ಞಾನಕ್ಕೂ ನಡುವೆ ಗೆರೆ ಎಳೆಯುವುದೇ ಮುಖ್ಯ ಕೆಲಸ. ವಿಧಾನವೂ ಅದಕ್ಕೆ ತಕ್ಕಂತಿದೆ: ಒಂದು ವ್ಯಾಖ್ಯೆ ಕೊಡುವುದು, ಅದಕ್ಕೆ ಹೊಂದದ ಉದಾಹರಣೆ ಹುಡುಕುವುದು, ವ್ಯಾಖ್ಯೆಯನ್ನು ತಿದ್ದುವುದು. ಒಂದು ಉದಾಹರಣೆ ನ್ಯಾಯಾಲಯದ್ದು. ಘಟನೆಯನ್ನು ಕಣ್ಣಾರೆ ಕಾಣದ ತೀರ್ಪುಗಾರರು ವಾದ ಮಾಡುವವರ ಮಾತನ್ನು ಕೇಳಿ ಸರಿಯಾದ ತೀರ್ಪನ್ನೇ ಕೊಡಬಹುದು. ಆದರೂ ಅವರಿಗೆ ಸತ್ಯ ಗೊತ್ತಿತ್ತು ಎನ್ನಲಾಗದು. ಮೂರು ವ್ಯಾಖ್ಯೆಗಳನ್ನು ಪರೀಕ್ಷಿಸಿ, ಮೂರನ್ನೂ ಕೈಬಿಟ್ಟು ಸಂವಾದ ಮುಗಿಯುತ್ತದೆ.

ಈಗ ನಮ್ಮ ನ್ಯಾಯದರ್ಶನಕ್ಕೆ ಬನ್ನಿ. ಅಲ್ಲಿ ‘ಜ್ಞಾನ’ವೆಂದರೆ ಮನಸ್ಸಿಗೆ ತೋರಿದ ಯಾವುದೇ ತಿಳಿವು. ಹಗ್ಗವನ್ನು ಹಾವೆಂದು ತಿಳಿದದ್ದೂ ಜ್ಞಾನವೇ, ಆದರೆ ಮಿಥ್ಯಾಜ್ಞಾನ. ಯಥಾರ್ಥವಾದದ್ದಕ್ಕೆ ‘ಪ್ರಮಾ’ ಎಂಬ ಬೇರೆ ಹೆಸರು. ಲಕ್ಷಣ ಹೇಳಿ ಪರೀಕ್ಷಿಸುವುದು ಅಲ್ಲಿಯೂ ಉಂಟು. ಆದರೆ ಹೆಚ್ಚಿನ ಒತ್ತು ಈ ತಿಳಿವು ಯಾವ ದಾರಿಯಿಂದ ಬಂತು ಎಂಬುದರ ಮೇಲೆ. ಆ ದಾರಿಯೇ ಪ್ರಮಾಣ. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ಅವು ನಾಲ್ಕು. ಶಬ್ದವೆಂದರೆ ಆಪ್ತನ, ಅಂದರೆ ನಂಬಲರ್ಹನ ಮಾತು. ವಿಷಯವನ್ನು ಬಲ್ಲವನಾಗಿ ಅದನ್ನು ಇದ್ದಂತೆಯೇ ಹೇಳಬಯಸುವವನು ಆಪ್ತ. ಅವನು ಋಷಿಯಾಗಲಿ, ಆರ್ಯನಾಗಲಿ, ಮ್ಲೇಚ್ಛನಾಗಲಿ ಲಕ್ಷಣ ಒಂದೇ ಎನ್ನುತ್ತಾನೆ ಭಾಷ್ಯಕಾರ ವಾತ್ಸ್ಯಾಯನ. ಆದ್ದರಿಂದ ಅದೇ ನ್ಯಾಯಾಲಯದಲ್ಲಿ ನೈಯಾಯಿಕ ಕೇಳುವ ಪ್ರಶ್ನೆ ಬೇರೆ: ಮಾತನಾಡಿದವನು ಆಪ್ತನೆ? ಹೌದಾದರೆ, ಕೇಳಿದವರಿಗೂ ಸತ್ಯ ಗೊತ್ತಾಯಿತು.

ವಿಧಾನ ಮಾತ್ರವಲ್ಲ, ಚರ್ಚೆಯ ವಿಷಯವೂ ಹೀಗೆಯೇ ನಿರ್ಧಾರವಾಗುತ್ತದೆ. ಪ್ರತ್ಯಕ್ಷವೊಂದೇ ಪ್ರಮಾಣವೆಂದ ಚಾರ್ವಾಕರಿಗೆ ಪರಲೋಕ ವಿಚಾರಣೆಯ ವಸ್ತುವೇ ಅಲ್ಲ. ಭಾಟ್ಟ ಮೀಮಾಂಸಕರು ‘ಅನುಪಲಬ್ಧಿ’ಯನ್ನೂ ಸೇರಿಸಿ ಆರು ಪ್ರಮಾಣಗಳನ್ನು ಒಪ್ಪಿದರು. ಆಗ ‘ಕೋಣೆಯಲ್ಲಿ ಕೊಡ ಇಲ್ಲ’ ಎಂಬ ಇಲ್ಲದಿರುವಿಕೆಯ ಅರಿವಿಗೇ ಪ್ರತ್ಯೇಕ ಪ್ರಮಾಣ ಸಿಕ್ಕಿತು.

ಪರಿಕಲ್ಪನೆಗಳೂ ಪರೀಕ್ಷೆಗೆ ಹೊರತಲ್ಲ. 12ನೇ ಶತಮಾನದ ಶ್ರೀಹರ್ಷ, ಮುಚ್ಚಿದ ಮುಷ್ಟಿಯಲ್ಲಿ ಎಷ್ಟು ಕವಡೆಗಳಿವೆಯೆಂದು ಊಹಿಸಿ ಸರಿಯಾಗಿ ಹೇಳಿದವನನ್ನು ಉದಾಹರಿಸಿ ಪ್ರಮೆಯ ಲಕ್ಷಣವನ್ನೇ ಪ್ರಶ್ನಿಸಿದ. 1963ರಲ್ಲಿ ಅಮೆರಿಕದ ಎಡ್ಮಂಡ್ ಗೆಟಿಯರ್ ಮೂರು ಪುಟಗಳ ಲೇಖನವೊಂದರಲ್ಲಿ, ಕಾರಣಸಹಿತವಾದ ಸತ್ಯ ನಂಬಿಕೆಯೂ ಅದೃಷ್ಟದಿಂದ ಸರಿಯಾಗಿರಬಹುದು, ಆಗ ಅದು ಜ್ಞಾನವಲ್ಲ ಎಂದು ತೋರಿಸಿದ. ಬಳಿಕ ಆಲ್ವಿನ್ ಗೋಲ್ಡ್‌ಮನ್ ಮೊದಲಾದವರು ನಂಬಿಕೆ ಹುಟ್ಟಿದ ದಾರಿ ಭರವಸೆಗೆ ತಕ್ಕದ್ದೆ ಎಂದು ಕೇಳತೊಡಗಿದರು. ಪರಿಕಲ್ಪನೆ ಅಲುಗಿತು, ಹುಡುಕಾಟದ ದಿಕ್ಕು ಬದಲಾಯಿತು.

ಆದ್ದರಿಂದ ಯಾವುದೇ ವಾದವನ್ನು ಒಪ್ಪುವ ಅಥವಾ ತಳ್ಳುವ ಮೊದಲು, ಅದರ ಮುಖ್ಯ ಪದ ಏನನ್ನು ಒಳಗೆ ಬಿಟ್ಟುಕೊಂಡಿದೆ, ಏನನ್ನು ಹೊರಗಿಟ್ಟಿದೆ ಎಂದು ನೋಡಿ.

ಯೋಚಿಸಿ: ನೀವು ಹುಟ್ಟಿದ ದಿನಾಂಕ ನಿಮಗೆ ಗೊತ್ತಿದೆಯೆ? ಅದು ಗೊತ್ತಾದದ್ದು ಯಾವ ಪ್ರಮಾಣದಿಂದ? ಸಾಕ್ರಟೀಸ್ ನಿಮ್ಮ ಉತ್ತರವನ್ನು ಒಪ್ಪುತ್ತಿದ್ದನೆ?